ಅಟ್ಟದಿಂದ ಇಳಿದ ವ್ಯಾಕ್ಯೂಮ್ ಕ್ಲೀನರ್: ಕೊಳ್ಳುವ ಮುನ್ನ, ಬಿಚ್ಚುವ ಮುನ್ನ

ಬೆಂಗಳೂರಿನ ಹಳೆಯ ಮನೆಗಳಲ್ಲಿ ಅಟ್ಟ ಖಾಲಿಯಾಗುವುದು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮುಂಚೆ ಒಮ್ಮೆ ಮತ್ತು ದಸರೆಗೆ ಮುಂಚೆ ಒಮ್ಮೆ. ಮನೆಯನ್ನೇ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಸಂದರ್ಭವಾದರೆ ಉಗ್ರಾಣದ ಸಾಮಾನೂ ಅದರ ಜೊತೆಗೆ ಹೊರಬೀಳುತ್ತದೆ. ಹೀಗೆ ಇಳಿದು ಬರುವ ಹಿತ್ತಾಳೆ ಪಾತ್ರೆ, ಗ್ರಾಮೋಫೋನು, ವಾಲ್ವ್ ರೇಡಿಯೋಗಳಿಗೆ ಕೂಡಲೇ ಗಿರಾಕಿಗಳು ಸಿಗುತ್ತಾರೆ. ಅಡ್ಡಡ್ಡ ಮಲಗಿದ ಉರುಳೆಯಂತಿರುವ ಹಳೆಯ ವ್ಯಾಕ್ಯೂಮ್ ಕ್ಲೀನರನ್ನು ಮಾತ್ರ ಕಬ್ಬಿಣದ ಜೊತೆ ತೂಕಕ್ಕೆ ಹಾಕಿಬಿಡುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ, ಏಕೆಂದರೆ ಆ ಯಂತ್ರದೊಳಗಿರುವ ಮೋಟಾರು ನಾವು ದಿನವೂ ಚಟ್ನಿ ರುಬ್ಬುವ ಮಿಕ್ಸಿಯ ಮೋಟಾರಿನ ಜಾತಿಗೇ ಸೇರಿದ್ದು, ಮತ್ತು ಮಿಕ್ಸಿ ರಿಪೇರಿ ಮಾಡುವ ಅಂಗಡಿ ಇಲ್ಲದ ಬಡಾವಣೆ ಈ ಊರಿನಲ್ಲಿ ಇಲ್ಲವೆಂದೇ ಹೇಳಬಹುದು. ಆದ್ದರಿಂದ ಹಳೆಯ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ಓಡದ ಮೋಟಾರನ್ನು ಕಂಡು ಹಿಂಜರಿಯಬೇಡಿ, ಇಲ್ಲಿ ಮಾಡಿಸಲಾಗದ ಭಾಗಗಳು ಯಾವುವು ಎಂಬುದನ್ನು ನೋಡಿ ಬೆಲೆ ಕಟ್ಟಿ.

ಯಂತ್ರದ ವಯಸ್ಸನ್ನು ಅಂದಾಜು ಮಾಡಲು ಸ್ವಲ್ಪ ಇತಿಹಾಸ ತಿಳಿದಿರಬೇಕು. ಧೂಳನ್ನು ಊದಿ ಚೆದುರಿಸುವ ಬದಲು ಹೀರಿ ಹಿಡಿಯುವ ಯಂತ್ರಕ್ಕೆ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಇಂಗ್ಲೆಂಡಿನಲ್ಲಿ 1901ರಲ್ಲಿ ಪೇಟೆಂಟ್ ಪಡೆದ. ಅದು ಕುದುರೆ ಎಳೆಯುವ ಗಾಡಿಯ ಮೇಲಿದ್ದ ದೊಡ್ಡ ಪಂಪು. ಗಾಡಿ ಬೀದಿಯಲ್ಲಿ ನಿಂತಿರುತ್ತಿತ್ತು, ಕೊಳವೆಗಳು ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತಿದ್ದವು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡ 1905ರ ಹೊತ್ತಿಗೆ ಮನೆಯೊಳಗೆ ಒಬ್ಬರೇ ಎತ್ತಿಕೊಂಡು ಓಡಾಡಬಹುದಾದಂಥ ವಿದ್ಯುತ್ ಯಂತ್ರ ಇನ್ನೂ ಬಳಕೆಗೆ ಬಂದಿರಲಿಲ್ಲ. 1908ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ನಿಂತುಕೊಂಡೇ ತಳ್ಳುವ ಯಂತ್ರಕ್ಕೆ ಪೇಟೆಂಟ್ ಪಡೆದ, ಹೂವರ್ ಕುಟುಂಬ ಅದನ್ನು ಕೊಂಡು ತಯಾರಿಕೆಗೆ ಇಳಿಯಿತು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ‘ಮಾಡೆಲ್ ವಿ’ ಯಂತ್ರವನ್ನು ತಂದಿತು. ನೆಲದ ಮೇಲೆ ಮಲಗಿ, ಕೆಳಗಿನ ಜಾರುಪಟ್ಟಿಗಳ ಮೇಲೆ ಹಿಂದೆ ಹಿಂದೆ ಬರುವ ಉರುಳೆಯ ಆಕಾರ ಬಳಕೆಗೆ ಬಂದದ್ದು ಅದರಿಂದ. ನಮ್ಮಲ್ಲಿ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಮನೆಮನೆಗೆ ಪ್ರತಿನಿಧಿಗಳನ್ನು ಕಳಿಸಿ ಮಾರಿದ ಯಂತ್ರಗಳೂ ಇದೇ ವಂಶದವು. ಹೊಸದಾಗಿ ಕಲಿಯುವವರು ಆ ಎಂಬತ್ತರ ದಶಕದ ಯಂತ್ರದಿಂದಲೇ ತೊಡಗುವುದು ಒಳ್ಳೆಯದು, ಏಕೆಂದರೆ ಅದು ನಮ್ಮ ಕರೆಂಟಿಗೆಂದೇ ಮಾಡಿದ್ದು.

ಎಲ್ಲಿ ಹುಡುಕಬೇಕು, ಏನನ್ನು ನೋಡಬೇಕು

ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ಸೇರುವ ಸಂಡೇ ಬಜಾರ್ ಮತ್ತು ಶಿವಾಜಿನಗರದ ಗುಜರಿ ಅಂಗಡಿಗಳು ಹುಡುಕಾಟಕ್ಕೆ ಸರಿಯಾದ ಜಾಗಗಳು. ಗುಜರಿಯಲ್ಲಿ ಸಿಗುವ ಯಂತ್ರದ ವೈರನ್ನು ತಾಮ್ರಕ್ಕಾಗಿ ಮೊದಲೇ ಕತ್ತರಿಸಿರುವುದು ಸಾಮಾನ್ಯ. ಅದನ್ನು ದೋಷವೆಂದು ಎಣಿಸಬೇಡಿ, ಆ ವೈರನ್ನು ಹೇಗೂ ಬದಲಿಸಲೇಬೇಕು. ದೋಷ ಬೇರೆ ಕಡೆ ಇರುತ್ತದೆ. ಯಂತ್ರದ ಮೈ ಒಂದು ರಾಶಿಯಲ್ಲಿ, ಹೋಸು ಇನ್ನೊಂದು ರಾಶಿಯಲ್ಲಿ, ನಳಿಕೆಗಳು ಮತ್ತೆಲ್ಲೋ ಹೋಗಿರುತ್ತವೆ. ಕೊಳ್ಳುವ ಮೊದಲೇ ಅಂಗಡಿಯವರನ್ನು ಕೇಳಿ, ಎಲ್ಲ ರಾಶಿಗಳನ್ನೂ ತಡಕಿ ನೋಡುವ ತಾಳ್ಮೆ ಬೇಕು.

ಈ ಪಾಠವನ್ನು ನಾನು ಕಲಿತದ್ದು ನನ್ನ ಮೊದಲ ಯಂತ್ರದಿಂದ. ಬಣ್ಣ ಒಂದಿಷ್ಟೂ ಮಾಸದ, ಮೋಟಾರು ಚೆನ್ನಾಗಿಯೇ ಓಡುತ್ತಿದ್ದ ಉರುಳೆ ಯಂತ್ರವದು. ಹೋಸಿನ ತುದಿಯಲ್ಲಿದ್ದು ಯಂತ್ರದ ಬಾಯಿಗೆ ಕಚ್ಚಿಕೊಳ್ಳುವ ಲೋಹದ ಜೋಡಣೆ ಮಾತ್ರ ಇರಲಿಲ್ಲ. ಅಂಥದ್ದೊಂದನ್ನು ಮಾಡಿಸಬಹುದೆಂದು ನಂಬಿ ಕೊಂಡೆ. ಲೇತಿನಲ್ಲಿ ಕಡೆಸಿದ ಮೊದಲ ತುಂಡು ಸಡಿಲವಾಯಿತು, ಎರಡನೆಯದು ಕಚ್ಚಿಕೊಳ್ಳಲಿಲ್ಲ, ಮೂರನೆಯದು ಕೂರುವ ಹೊತ್ತಿಗೆ ಯಂತ್ರಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಅದಕ್ಕೇ ಹೋಗಿತ್ತು. ಆದ್ದರಿಂದ ಹೋಸಿನ ಎರಡು ತುದಿಗಳ ಜೋಡಣೆ, ಮುಚ್ಚಳದ ಕೊಂಡಿಗಳು, ಚೀಲವನ್ನು ಹಿಡಿಯುವ ಬಳೆ, ಬೇಕಲೈಟಿನ ಹಿಡಿಗಳು ಮತ್ತು ಹೆಸರಿನ ಫಲಕ, ಈ ಐದನ್ನು ಮೊದಲು ನೋಡಿ. ಇವು ಬಿರುಕಿಲ್ಲದೆ ಇದ್ದರೆ ಮೈಯ ಬಣ್ಣ ಹೋಗಿದ್ದರೂ ಕೊಳ್ಳಬಹುದು. ಬೇಕಲೈಟ್ ಒಮ್ಮೆ ಬಿರುಕು ಬಿಟ್ಟರೆ ಕಾಯಿಸಿ ಬೆಸೆಯುವಂತಿಲ್ಲ, ಅದು ಕರಗುವ ಜಾತಿಯ ವಸ್ತುವಲ್ಲ.

ಆಮೇಲೆ ಮೋಟಾರಿನ ಕಡೆಗೆ ಬನ್ನಿ. ಹೋಸು ಸೇರುವ ಬಾಯಿಯಿಂದಲೋ ಹಿಂದಿನ ಜಾಲರಿಯಿಂದಲೋ ಬೆರಳಿಗೆ ಅಥವಾ ಮರದ ಕಡ್ಡಿಗೆ ಫ್ಯಾನು ಸಿಕ್ಕಿದರೆ ಮೆಲ್ಲನೆ ತಿರುಗಿಸಿ. ಸರಾಗವಾಗಿ ತಿರುಗಿ ತಾನಾಗಿ ನಿಂತರೆ ಸಂತೋಷ. ಗರಗರ ಸದ್ದು ಬೇರಿಂಗ್ ಬದಲಿಸಿದರೆ ಹೋಗುತ್ತದೆ. ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ತಡೆಯುವುದು ಮಾತ್ರ ಫ್ಯಾನು ಬಾಗಿರುವುದರ ಅಥವಾ ಶಾಫ್ಟ್ ಸೊಟ್ಟಗಾಗಿರುವುದರ ಲಕ್ಷಣ, ಅಂಥದ್ದನ್ನು ಬಿಟ್ಟುಬಿಡಿ. ಮೂಗು ಹಚ್ಚಿ ನೋಡಿ. ಧೂಳಿನ ಮುಗ್ಗಲು ವಾಸನೆ ಸಹಜ, ಸುಟ್ಟ ವಾರ್ನಿಷ್ ವಾಸನೆ ಬಂದರೆ ಕಾಯಿಲ್ ಕಟ್ಟಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮಾತಾಡಿ. ‘ಇಲ್ಲೇ ಹಾಕಿ ತೋರಿಸ್ತೀನಿ ಸಾರ್’ ಎಂದು ಅಂಗಡಿಯವರು ಪ್ಲಗ್ ಎತ್ತಿಕೊಂಡರೆ ದಯವಿಟ್ಟು ಬೇಡವೆನ್ನಿ. ಹತ್ತಾರು ವರ್ಷ ಮಲಗಿದ್ದ ಮೋಟಾರಿಗೆ, ಒಣಗಿ ಉದುರುತ್ತಿರುವ ರಬ್ಬರಿನ ವೈರಿನ ಮೂಲಕ ನೇರ ಕರೆಂಟು ಕೊಟ್ಟರೆ ಒಂದೋ ಶಾಕ್ ಹೊಡೆಯುತ್ತದೆ, ಇಲ್ಲವೇ ಉಳಿಸಿಕೊಳ್ಳಬಹುದಾಗಿದ್ದ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗ, ಅಲ್ಲೇ ಸುಡುತ್ತದೆ.

ನಿಂತು ತಳ್ಳುವ ಮಾದರಿ ನೋಡಲು ಅಂದವಾಗಿದ್ದರೂ ಬಳಸುವ ಉದ್ದೇಶವಿದ್ದವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಅದರ ಕೆಳಗೆ ರಬ್ಬರ್ ಬೆಲ್ಟಿನಿಂದ ಸುತ್ತುವ ಬ್ರಷ್ ಉರುಳೆ ಇರುವುದು ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟನ್ನು ಬಡಿದು ಧೂಳೆಬ್ಬಿಸಲು. ನಮ್ಮ ರೆಡ್ ಆಕ್ಸೈಡ್, ಮೊಸಾಯಿಕ್, ಗ್ರಾನೈಟ್ ನೆಲಗಳಿಗೆ ಉರುಳೆ ಯಂತ್ರ ಮತ್ತು ಅಗಲವಾದ ಕೂದಲಿನ ನಳಿಕೆಯೇ ಸರಿ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಪುಸ್ತಕದ ಕಪಾಟು, ಕಿಟಕಿಯ ಸರಳು, ತೊಲೆಗಳ ಸಂದುಗಳಿಗೂ ಅದೇ ಬೇಕು.

ಕರೆಂಟಿನ ವಿಷಯ

ಮನೆಗೆ ತಂದ ಮೇಲೆ ಮೊದಲು ಓದಬೇಕಾದದ್ದು ಹೆಸರಿನ ಫಲಕ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಫಲಕದಲ್ಲಿ 200ರಿಂದ 250 ವೋಲ್ಟ್ ನಡುವಿನ ಅಂಕಿ ಇದ್ದರೆ ಹೊಂದುತ್ತದೆ. ಅಮೆರಿಕದಿಂದ ಮರಳಿದವರು ತಂದಿಟ್ಟ ಯಂತ್ರಗಳಲ್ಲಿ 110 ಅಥವಾ 120 ಎಂದಿರುತ್ತದೆ. ಅದನ್ನು ನೇರವಾಗಿ ನಮ್ಮ ಸಾಕೆಟ್ಟಿಗೆ ಹಾಕಿದರೆ ಮೋಟಾರು ಮಿತಿಮೀರಿದ ವೇಗಕ್ಕೆ ಏರಿ ಕ್ಷಣಗಳಲ್ಲಿ ಹಾಳಾಗುತ್ತದೆ. ಅದಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, 600 ವಾಟಿನ ಯಂತ್ರಕ್ಕೆ 1000 ವಿ.ಎ. ಸಾಮರ್ಥ್ಯದ್ದನ್ನು ಕೊಳ್ಳುವುದು ಕ್ಷೇಮ. ಹರ್ಟ್ಸ್‌ನ ವ್ಯತ್ಯಾಸ ಇಲ್ಲಿ ಬಾಧಿಸುವುದಿಲ್ಲ. ಎಷ್ಟೋ ಹಳೆಯ ಫಲಕಗಳಲ್ಲಿ ಎ.ಸಿ. ಮತ್ತು ಡಿ.ಸಿ. ಎರಡನ್ನೂ ಬರೆದಿರುತ್ತಾರೆ, ಆ ಕಾಲದಲ್ಲಿ ಕೆಲವು ಊರುಗಳಿಗೆ ಡಿ.ಸಿ., ಕೆಲವಕ್ಕೆ ಎ.ಸಿ. ಬರುತ್ತಿದ್ದುದರಿಂದ ಎರಡರಲ್ಲೂ ಓಡುವ ಯೂನಿವರ್ಸಲ್ ಮೋಟಾರನ್ನೇ ಹಾಕುತ್ತಿದ್ದರು.

ಹಳೆಯ ವೈರನ್ನು ಪೂರ್ತಿ ತೆಗೆದು, ಮೂರು ಎಳೆಯ 1 ಚದರ ಮಿಲಿಮೀಟರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್ ಹಾಕಿ. ಬಣ್ಣಗಳ ಬಗ್ಗೆ ಬಹಳ ಎಚ್ಚರ ಬೇಕು. ಬ್ರಿಟನ್ನಿನ ಹಳೆಯ ಯಂತ್ರಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ನಮ್ಮ ಎಲೆಕ್ಟ್ರಿಷಿಯನ್ನರಿಗೆ ರೂಢಿಯಾಗಿರುವುದೂ ಅದೇ. ಅಮೆರಿಕದ ಯಂತ್ರದಲ್ಲಿ ಕಪ್ಪೇ ಫೇಸ್, ಬಿಳಿಯದು ನ್ಯೂಟ್ರಲ್. ಹೊಸ ಕೇಬಲ್ಲಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಸ್ವಿಚ್ಚು ಫೇಸ್ ವೈರಿನ ಮೇಲೆಯೇ ಇರಬೇಕಾದ್ದರಿಂದ ಬಣ್ಣವನ್ನು ನಂಬದೆ ಮಲ್ಟಿಮೀಟರಿನಲ್ಲಿ ಎಳೆ ಹಿಡಿದು ನೋಡಿ ಜೋಡಿಸಿ. ಲೋಹದ ಮೈ ಇದ್ದೂ ಎರಡೇ ಎಳೆಯ ವೈರಿನಲ್ಲಿ ಓಡುತ್ತಿದ್ದ ಹಳೆಯ ಯಂತ್ರಗಳಿಗೆ ನಾನು ತಪ್ಪದೆ ಅರ್ತ್ ಕೊಡುತ್ತೇನೆ: ಒಳಮೈಯಲ್ಲಿ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಹಸಿರು-ಹಳದಿ ಎಳೆಯನ್ನು ಬಿಗಿಯಾಗಿ ಕಚ್ಚಿಸುತ್ತೇನೆ. ಮೂಲರೂಪ ಕೆಡುತ್ತದೆಂದು ಇದನ್ನು ವಿರೋಧಿಸುವ ಸಂಗ್ರಾಹಕರಿದ್ದಾರೆ. ಅವರ ಯಂತ್ರ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲುವುದಾದರೆ ಸರಿ. ಒದ್ದೆ ಕೈಯಲ್ಲಿ ಮುಟ್ಟುವವರಿರುವ ಮನೆಯಲ್ಲಿ ಓಡುವುದಾದರೆ ಅವರ ಮಾತಿಗೆ ನಾನು ಒಪ್ಪಲಾರೆ. ಮನೆಯ ಬೋರ್ಡಿನಲ್ಲಿ, ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚು ಇರಲೇಬೇಕು.

ಸ್ವಿಚ್ಚಿನ ಪಕ್ಕದಲ್ಲಿ, ರೇಡಿಯೋಗೆ ಗರಗರ ಸದ್ದು ಬರದಿರಲೆಂದು ಹಾಕಿದ ಸಣ್ಣ ಕೆಪಾಸಿಟರ್ ಇದ್ದರೆ ಕಿತ್ತುಹಾಕಿ. ಹಳೆಯ ಕಾಗದದ ಕೆಪಾಸಿಟರ್‌ಗಳು ಒಳಗೇ ಕೆಟ್ಟು ಸಿಡಿಯುತ್ತವೆ. ಅದರ ಮೇಲಿನ ಮೌಲ್ಯ ನೋಡಿಕೊಂಡು ಎಸ್.ಪಿ. ರಸ್ತೆಯಲ್ಲಿ ‘ಎಕ್ಸ್2, 275 ವೋಲ್ಟ್ ಎ.ಸಿ.’ ಎಂದು ಕೇಳಿದರೆ ಕೊಡುತ್ತಾರೆ.

ಬಿಚ್ಚುವುದು ಮತ್ತು ಮೋಟಾರು

ಒಳಗಿನ ಧೂಳು ಯಾರ ಮನೆಯದೋ, ಯಾವ ಕಾಲದ್ದೋ ತಿಳಿಯದು. ಸೀಸ ಬೆರೆತ ಹಳೆಯ ಬಣ್ಣದ ಪುಡಿಯೂ ಬೂಷ್ಟೂ ಅದರಲ್ಲಿರಬಹುದು. ಯಂತ್ರವನ್ನು ತಾರಸಿಯ ಮೇಲೆ, ಎನ್95 ಮಾಸ್ಕ್ ಹಾಕಿಕೊಂಡೇ ತೆರೆಯಿರಿ. ಹಳೆಯ ಚೀಲವನ್ನು ನೀರು ಚಿಮುಕಿಸಿ ತೋಯಿಸಿ ಕವರಿಗೆ ಹಾಕಿ ಕಟ್ಟಿ. ಮೋಟಾರಿನ ಸುತ್ತ ಬೂದುಬಿಳಿ ಬಣ್ಣದ, ನಾರುನಾರಾದ ಹಾಳೆ ಕಂಡರೆ ಅದನ್ನು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಎಂದೇ ತಿಳಿದು ಕೆರೆಯದೆ, ಉಜ್ಜದೆ ಹಾಗೆಯೇ ಬಿಡಿ.

ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆಯಿರಿ; ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಇಡಿ. ಬ್ರಿಟನ್ ಮತ್ತು ಅಮೆರಿಕದ ಹಳೆಯ ಸ್ಕ್ರೂಗಳ ಮರೆ (ಥ್ರೆಡ್) ಇಂದಿನ ಮಿಲಿಮೀಟರ್ ಅಳತೆಯದಲ್ಲ, ಕಳೆದುಹೋದದ್ದಕ್ಕೆ ಬದಲಾಗಿ ಹತ್ತಿರದ್ದೊಂದನ್ನು ತುರುಕಿದರೆ ಅಲ್ಯೂಮಿನಿಯಂ ಮೈಯ ಮರೆ ತಿಂದುಹೋಗುತ್ತದೆ. ಫ್ಯಾನಿನ ನಟ್ಟು ಕೆಲವು ಮೋಟಾರುಗಳಲ್ಲಿ ಎಡಮರೆಯದಾಗಿರುತ್ತದೆ, ಆದ್ದರಿಂದ ಬಲ ಹಾಕುವ ಮೊದಲು ಮರೆ ಯಾವ ಕಡೆಗೆ ಇಳಿದಿದೆಯೆಂದು ಬೆಳಕಿನಲ್ಲಿ ನೋಡಿ. ಫ್ಯಾನು ಯಾವ ಮುಖವಾಗಿ, ಯಾವ ಜಾಗದಲ್ಲಿ ಕೂತಿತ್ತೆಂದು ಮಾರ್ಕರಿನಲ್ಲಿ ಗುರುತು ಹಾಕಿ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಭಾಗವನ್ನು ಅಂದಾಜಿನಲ್ಲಿ ಕೂರಿಸಿದರೆ ಯಂತ್ರವೆಲ್ಲ ನಡುಗುತ್ತದೆ.

ತಿರುಗುವ ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳೇ ಬಹುಪಾಲು ಯಂತ್ರಗಳನ್ನು ನಿಲ್ಲಿಸಿರುವುದು. ಸವೆದು ಆರೇಳು ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಬದಲಿಸಿ. ಅದೇ ಅಗಲ ಮತ್ತು ದಪ್ಪದ್ದು ಸಿಗದಿದ್ದರೆ ಸ್ವಲ್ಪ ದೊಡ್ಡದನ್ನು ತಂದು ಉಪ್ಪುಕಾಗದದ ಮೇಲೆ ತಿಕ್ಕಿ ಅಳತೆಗೆ ಇಳಿಸಬಹುದು. ಆದರೆ ಮಿಕ್ಸಿ ಒಮ್ಮೆಗೆ ಒಂದೆರಡು ನಿಮಿಷ ಓಡಿ ನಿಲ್ಲುವ ಯಂತ್ರ, ವ್ಯಾಕ್ಯೂಮ್ ಕ್ಲೀನರ್ ಅರ್ಧ ಗಂಟೆ ಎಡೆಬಿಡದೆ ಓಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರಿಗೆಂದೇ ಹೇಳಿ ಕೇಳಿ. ಹೊಸ ಬ್ರಷ್ಷಿನ ತುದಿ, ಅದು ಒತ್ತಿ ಕೂರುವ ತಾಮ್ರಪಟ್ಟಿಗಳ ಕಮ್ಯುಟೇಟರಿನ ದುಂಡಿಗೆ ಹೊಂದುವಂತೆ, ನುಣುಪಾದ ಗಾಜಿನ ಉಪ್ಪುಕಾಗದವನ್ನು ಒರಟು ಮುಖ ಹೊರಗಿರುವಂತೆ ಕಮ್ಯುಟೇಟರಿಗೆ ಸುತ್ತಿ, ಕೈಯಿಂದ ಶಾಫ್ಟನ್ನು ಮೆಲ್ಲನೆ ತಿರುಗಿಸಿ ಬ್ರಷ್ಷನ್ನು ಸವೆಸಬೇಕು. ಎಮರಿ ಕಾಗದ ಬೇಡ, ಅದರ ಗಟ್ಟಿ ಕಣಗಳು ತಾಮ್ರದಲ್ಲಿ ಕಚ್ಚಿಕೊಂಡು ಹೊಸ ಬ್ರಷ್ಷನ್ನು ತಿಂದುಹಾಕುತ್ತವೆ. ತಾಮ್ರದ ಪಟ್ಟಿಗಳ ನಡುವಿನ ಸಂದಿನಲ್ಲಿ ತುಂಬಿದ ಕರಿಯ ಪುಡಿಯನ್ನು ಮೊನಚಾದ ಮರದ ಕಡ್ಡಿಯಿಂದ ತೆಗೆಯಿರಿ.

ಬೇರಿಂಗಿನ ಮೇಲೆ 608, 6200, 6201 ಎಂಬಂತೆ ಸಂಖ್ಯೆ ಕೊರೆದಿದ್ದರೆ ಕೆಲಸ ಸುಲಭ, ಎಸ್.ಜೆ.ಪಿ. ರಸ್ತೆಯಲ್ಲಿ ಆ ಸಂಖ್ಯೆ ಹೇಳಿದರೆ ಸಾಕು. ಕೆಲವು ಹಳೆಯ ಮೋಟಾರುಗಳಲ್ಲಿ ಬೇರಿಂಗಿನ ಬದಲು ಕಂಚಿನ ಬುಶ್ ಮತ್ತು ಎಣ್ಣೆ ಹೀರುವ ಫೆಲ್ಟ್ ಇರುತ್ತದೆ. ಅದಕ್ಕೆ ಹೊಲಿಗೆ ಯಂತ್ರದ ತೆಳು ಎಣ್ಣೆ ನಾಲ್ಕೈದು ಹನಿ ಸಾಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕಬಾರದು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ, ಡಿಸೆಂಬರಿನ ಬೆಂಗಳೂರಿನಲ್ಲಿ ಬಾಟಲಿಯೊಳಗೇ ಗಟ್ಟಿಯಾಗುವಂಥದ್ದು.

ಮಳೆಗಾಲದ ತೇವ ಕಾಯಿಲ್‌ಗಳಲ್ಲಿ ಕೂತಿರುತ್ತದೆ. ಮೋಟಾರನ್ನು ಎರಡು ದಿನ ಒಳ್ಳೆಯ ಬಿಸಿಲಿನಲ್ಲಿಟ್ಟು ಒಣಗಿಸಿ, ಆಮೇಲೆ ನಿರೋಧ ಅಳೆಯುವ ಉಪಕರಣವಾದ 500 ವೋಲ್ಟಿನ ಮೆಗ್ಗರಿನಲ್ಲಿ ಕಾಯಿಲ್‌ಗೂ ಮೈಗೂ ನಡುವಿನ ನಿರೋಧ ಅಳೆಯಿರಿ ಅಥವಾ ವೈಂಡಿಂಗ್ ಅಂಗಡಿಯಲ್ಲಿ ಅಳೆಸಿ. ಕೆಪಾಸಿಟರ್ ಬಿಚ್ಚಿಟ್ಟು ಅಳೆದಾಗ 2 ಮೆಗಾಓಮಿಗಿಂತ ಕಡಿಮೆ ಬಂದರೆ ಇನ್ನೂ ಒಣಗಿಸಬೇಕು. ಒಣಗಿಸಿದರೂ ಏರದಿದ್ದರೆ ಹೊಸದಾಗಿ ಸುತ್ತಿಸಬೇಕು. ಸುತ್ತಿಸಿದ ಆರ್ಮೇಚರನ್ನು ಬ್ಯಾಲೆನ್ಸ್ ಮಾಡಿಸದೆ ಒಪ್ಪಿಕೊಳ್ಳಬೇಡಿ.

ಮೊದಲ ಸಲ ಓಡಿಸುವಾಗ ಹಳೆಯ ಕಾಲದ ತಂತಿಯ ಬಲ್ಬನ್ನು ಮೋಟಾರಿನ ಜೊತೆ ಸೀರೀಸ್‌ನಲ್ಲಿ ಹಾಕಿ. 100 ವಾಟಿನ ಎರಡು ಬಲ್ಬುಗಳನ್ನು ಒಂದರ ಪಕ್ಕ ಒಂದು ಪ್ಯಾರಲಲ್ ಆಗಿ ಜೋಡಿಸಿಕೊಂಡರೆ ಅನುಕೂಲ. ಶಾಫ್ಟ್ ನಿಧಾನವಾಗಿ ತಿರುಗಿ ಬಲ್ಬು ಕೊಂಚ ಮಂಕಾದರೆ ಮುಂದುವರಿಯಬಹುದು. ಬಲ್ಬು ಪೂರ್ತಿ ಉರಿದೂ ಶಾಫ್ಟ್ ಅಲ್ಲಾಡದಿದ್ದರೆ ಒಳಗೆ ಶಾರ್ಟ್ ಆಗಿರುವ ಸಂಶಯವಿದೆ. ಬಲ್ಬು ಉರಿಯದಿದ್ದರೆ ವೈರು, ಸ್ವಿಚ್ಚು, ಬ್ರಷ್ಷು, ಕಾಯಿಲು ಎಲ್ಲೋ ಕಡಿದಿದೆ. ಆಮೇಲೆ ನೇರ ಕರೆಂಟು ಕೊಟ್ಟಾಗ ಬ್ರಷ್ಷಿನ ಅಂಚಿನಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಅದು ಸಹಜ; ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆಯೇ ತಿರುಗಿದರೆ ತಕ್ಷಣ ಆರಿಸಿ, ಆರ್ಮೇಚರಿನಲ್ಲಿ ದೋಷವಿದೆ.

ಹೋಸು, ಚೀಲ, ಸೋರಿಕೆ

ಹಳೆಯ ಹೋಸು ಹೊರಗೆ ನೂಲಿನ ಹೆಣಿಗೆ, ಒಳಗೆ ರಬ್ಬರು. ಹೆಣಿಗೆ ಚೆನ್ನಾಗಿ ಕಂಡರೂ ರಬ್ಬರು ಬಿರಿದಿರುತ್ತದೆ. ಅದರ ಸೋರಿಕೆಯನ್ನು ಅಳೆಯಲು ನಾನು ಮೂರು ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಬಳಸುತ್ತೇನೆ. ಮಹಡಿಯ ಮೆಟ್ಟಿಲ ಮೇಲೆ ಯಂತ್ರ, ಕೆಳಗೆ ಬಣ್ಣದ ನೀರಿನ ಬಕೆಟ್. ಕೊಳವೆಯ ಮೇಲ್ತುದಿಯನ್ನು ರಬ್ಬರ್ ಬಿರಡೆಯ ಮೂಲಕ ಯಂತ್ರದ ಬಾಯಿಗೆ ಬಿಗಿದು ಐದು ಸೆಕೆಂಡು ಓಡಿಸಿ, ನೀರು ಎಷ್ಟು ಏರಿತೆಂದು ಗುರುತಿಸಬೇಕು. ಆಮೇಲೆ ಹೋಸು ಸೇರಿಸಿ, ಅದರ ತುದಿಯಲ್ಲಿ ಮತ್ತೆ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸವೇ ಹೋಸಿನ ಸೋರಿಕೆ. ಹೆಚ್ಚು ಹೊತ್ತು ಓಡಿಸಬಾರದು, ಏಕೆಂದರೆ ಹಳೆಯ ಬಹುಪಾಲು ಯಂತ್ರಗಳಲ್ಲಿ ಹೀರಿದ ಗಾಳಿಯೇ ಮೋಟಾರನ್ನು ತಂಪಾಗಿಡುವುದು. ಬಾಯಿ ಮುಚ್ಚಿದಾಗ ಮೋಟಾರಿನ ಸದ್ದು ತೀಕ್ಷ್ಣವಾಗುವುದನ್ನು ಕೇಳಿ ಅದು ಒದ್ದಾಡುತ್ತಿದೆಯೆಂದು ತಿಳಿಯುವವರಿದ್ದಾರೆ. ನಿಜವಾಗಿ ಆಗುವುದು ಬೇರೆ: ತಳ್ಳಲು ಗಾಳಿಯಿಲ್ಲದ ಫ್ಯಾನಿಗೆ ಹೊರೆ ಇಳಿದು ವೇಗ ಏರುತ್ತದೆ.

ಹೋಸು ಸೋರಿದರೆ ಮೂಲ ಜೋಡಣೆಗಳನ್ನು ಜೋಪಾನವಾಗಿ ಬಿಡಿಸಿ, 32 ಮಿಲಿಮೀಟರಿನ ಹೊಸ ಹೋಸಿಗೆ ಕೂರಿಸಿ. ಹಳೆಯ ಹೆಣಿಗೆಯನ್ನು ಅದರ ಮೇಲೆ ಕವಚದಂತೆ ಎಳೆಯಬಹುದಾದರೆ ಇನ್ನೂ ಒಳ್ಳೆಯದು. ಚೀಲವನ್ನು ಹಳೆಯದರ ಅಳತೆಗೆ ದರ್ಜಿಯಿಂದ ಹೊಲಿಸಿ: ಹೊರಗೆ ಡ್ರಿಲ್ ಬಟ್ಟೆ, ಒಳಗೆ ಮಾಸ್ಕಿಗೆ ಬಳಸುವಂಥ ನೇಯ್ಗೆಯಿಲ್ಲದ ಬಟ್ಟೆ, ಹೊಲಿಗೆಯ ಅಂಚು ಹೊರಮುಖವಾಗಿ. ಚೀಲದಿಂದ ತಪ್ಪಿಸಿಕೊಂಡ ಧೂಳು ನೇರವಾಗಿ ಮೋಟಾರಿನ ಮೂಲಕವೇ ಹೋಗುವುದರಿಂದ ಇಲ್ಲಿ ಉಳಿತಾಯ ಮಾಡಬೇಡಿ.

ಹೊರಮೈಗೆ ಅಂಟುವಾಳದ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಕ್ರೋಮಿನ ಮೇಲಿನ ತುಕ್ಕನ್ನು ಅಲ್ಯೂಮಿನಿಯಂ ಫಾಯಿಲ್ ನೀರಿನಲ್ಲಿ ಅದ್ದಿ ಉಜ್ಜಿದರೆ ತೆಗೆಯಬಹುದು. ಹಿತ್ತಾಳೆಗೆ ಹಿಡಿಸುವ ಹುಣಸೆಹುಳಿ ಕ್ರೋಮಿಗೆ ಬೇಡ, ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮಿನ ಹತ್ತಿರವೂ ಬರಬಾರದು. ಮೂಲ ಬಣ್ಣ ಮುಕ್ಕಾಲು ಭಾಗ ಉಳಿದಿದ್ದರೆ ಹೊಸದಾಗಿ ಬಳಿಯಬೇಡಿ.

ಎಲ್ಲ ಜೋಡಿಸಿದ ಮೇಲೆ ಮೊದಲ ವಾರ ಹತ್ತತ್ತು ನಿಮಿಷ ಮಾತ್ರ ಓಡಿಸಿ, ಪ್ರತಿ ಸಲವೂ ವೈರು ಮತ್ತು ಪ್ಲಗ್ ಬಿಸಿಯಾಗಿದೆಯೇ ಎಂದು ಪ್ಲಗ್ ಕಿತ್ತ ಕೂಡಲೇ ಮುಟ್ಟಿ ನೋಡಿ. ಒಂದು ತಿಂಗಳ ನಂತರ ಬ್ರಷ್‌ಗಳನ್ನು ಹೊರತೆಗೆದು ತುದಿ ಪೂರ್ತಿ ಹೊಳಪಾಗಿ ಕೂತಿದೆಯೇ ಎಂದು ಪರೀಕ್ಷಿಸಿ. ಚೀಲವನ್ನು ಪ್ರತಿ ಬಳಕೆಯ ನಂತರ ಖಾಲಿ ಮಾಡಿ, ಹೋಸನ್ನು ಸುತ್ತಿಡದೆ ಅಗಲವಾದ ಮರದ ಗೂಟಕ್ಕೆ ಇಳಿಬಿಡಿ, ಮತ್ತು ಯಂತ್ರವನ್ನು ಮತ್ತೆ ಅಟ್ಟಕ್ಕೆ ಏರಿಸದೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಾಡುವ ಕೋಣೆಯಲ್ಲಿಟ್ಟು ವಾರಕ್ಕೊಮ್ಮೆ ಐದು ನಿಮಿಷ ಓಡಿಸಿ.